ಅರ್ಧಕ್ಕೆ ನಿಂತ ಮನೆಗೆ ಬೀಗರು ಬಂದರು

ಆಫ್ರಿಕಾದಲ್ಲಿ ನಾವು ದಿನಸಿ ಅಂಗಡಿ ಇಟ್ಟಿದ್ವಲ್ಲ, ಕಿವುಲೆ ಅಂತ ಊರು, ಅಲ್ಲಿ ಸೆಬುನ್ಯಾ ಅನ್ನೋನು ಮೇಯರ್. ಹೆಸರಿಗೆ ಮೇಯರ್ರು, ಗತ್ತೆಲ್ಲ ಮಹಾರಾಜಂದೇ. ಕುತ್ಗೇಲಿ ಒಂದು ಹಿತ್ತಾಳೆ ಸರ ಹಾಕ್ಕೊಳ್ಳೋನು. ನಮ್ಮ ಕಡೆ ಹೋರಿಗೂ ಅಷ್ಟು ದಪ್ಪ ಸರಪಳಿ ಕಟ್ಟಲ್ಲ.

ಒಂದಿನ ಮಾರ್ಕೆಟ್ಟಿಗೆ ಬಂದು, ಮೀನಿನ ಪೆಟ್ಟಿಗೆ ಮೇಲೆ ನಿಂತ್ಕೊಂಡು ಶುರು ಮಾಡ್ದ.

"ಕಿವುಲೆನ ಕನ್ನಡಿ ಥರ ಹೊಳೆಯಂಗೆ ಮಾಡಿದೀನಿ! ಬಾಕಿ ಇರೋದು ದೊಡ್ಡ ಚರಂಡಿ ಒಂದೇ. ಮಳೆಗೆ ಮುಂಚೆ ಅದನ್ನ ತೋಡಿಸ್ಬೇಕು, ಕಚೇರೀಲಿ ಕಾಸಿಲ್ಲ. ಮುಂದಿನ ವಾರದಿಂದ ಸಂತೆ ಸುಂಕ ಡಬಲ್ಲು!"

ಹೆಂಗಸ್ರು ಅಯ್ಯಯ್ಯೋ ಅಂದ್ರು. ಚರಂಡಿ ಕಟ್ಕೊಂಡು ಹೋದ ವರ್ಷ ಮಾರ್ಕೆಟ್ಟಿಗೆ ಮೊಣಕಾಲುದ್ದ ನೀರು ನುಗ್ಗಿತ್ತು, ನಿಜ. ಮೀನು ಮಾರೋ ನಕಿಮುಲಿದು ಒಣಮೀನೆಲ್ಲ ಮತ್ತೆ ಈಜಕ್ಕೆ ಶುರು ಮಾಡಿದ್ವು. ಆದ್ರೆ ಸುಂಕ ಡಬಲ್ ಆದ್ರೆ ದಿನಾ ಕೂತು ಮಾರಿದ್ದೂ ಅಷ್ಟೇ, ಮನೇಲಿ ಮಲಗಿದ್ದೂ ಅಷ್ಟೇ.

ನಕಿಮುಲಿ ಮಾರ್ಕೆಟ್ ಹೆಂಗಸ್ರಿಗೆಲ್ಲ ಯಜಮಾನಿ. ಸೊಂಟದ ಮೇಲೆ ಕೈ ಇಟ್ಕೊಂಡು ಮುಂದೆ ಬಂದ್ಳು.

"ಯಾಕೆ ಸಾಹೇಬ್ರೆ, ಗುಡ್ಡದ ಮೇಲಿನ ಮೂರು ಮಹಡಿ ಮನೆಯೋರು ಕಂದಾಯ ಕಟ್ಟಲ್ವಾ?"

"ಅವು ಮನೆಗಳಲ್ಲಮ್ಮ, ಕಟ್ಟಡದ ಕೆಲಸ ಮುಗ್ದಿಲ್ಲ. ಕೆಲಸ ಮುಗೀದೆ ಕಂದಾಯ ಇಲ್ಲ. ಕಾನೂನು."

ಅಲ್ಲೇ ಇರೋದು ನೋಡಿ ಮರ್ಮ. ಆ ಊರಿನ ಸಾಹುಕಾರ್ರೆಲ್ಲ ಮನೆ ಪೂರ್ತಿ ಕಟ್ಟಿ, ಬಣ್ಣ ಹೊಡ್ಸಿ, ಗೃಹಪ್ರವೇಶದ ಊಟಾನೂ ಹಾಕ್ಸಿ, ತಾರಸಿ ಮೇಲೆ ಮಾತ್ರ ನಾಕು ಕಬ್ಬಿಣದ ಕಂಬಿ ಬಿಟ್ಬಿಡೋರು, ತಲೆ ಬಾಚದೇ ಇರೋ ಹುಡುಗಿ ಥರ. ಕಂದಾಯದೋನು ಬಂದ್ರೆ ಮೇಲೆ ಕೈ ತೋರ್ಸೋದು: "ಇನ್ನೊಂದು ಮಹಡಿ ಬಾಕಿ ಇದೆ ಸ್ವಾಮಿ!" ಎಲ್ಲರಿಗಿಂತ ಭಾರಿ ಕುಳ ಸಿಮೆಂಟ್ ವ್ಯಾಪಾರಿ ಕಿಗ್ಗುಂಡು. ಹನ್ನೊಂದು ವರ್ಷದಿಂದ 'ಅರ್ಧ ಕಟ್ಟಿದ' ಮನೇಲಿ ಅಮೃತಶಿಲೆ ಮೇಲೆ ಜಾರ್ತಾ ಓಡಾಡ್ತಿದ್ದ.

ಮೇಯರ್‌ಗೆ ನಗು. "ನೀನೇ ತಗೊಂಬಾರಮ್ಮ ದುಡ್ಡು! ಹೊಸ ತೆರಿಗೆ ಹಾಕಂಗಿಲ್ಲ, ಸಾಲ ಮಾಡಂಗಿಲ್ಲ, ಹೊರದೇಶದೋರ ಹತ್ರ ಕೈ ಚಾಚಂಗಿಲ್ಲ. ಒಂದು ವಾರ ಟೈಮು. ತಂದ್ರೆ ಸುಂಕ ಇದ್ದಂಗೇ ಇರುತ್ತೆ. ತರ್ಲಿಲ್ವೋ, ಮೂರು ಪಟ್ಟು!"

"ಆಯ್ತು. ಆದ್ರೆ ಶನಿವಾರ ನಂಗೆ ನಿಮ್ಮ ಕಚೇರಿಯಿಂದ ಒಂದು ಹಗ್ಗ, ಇಬ್ರು ಕಾವಲಿನೋರು, ರಸೀದಿ ಪುಸ್ತಕದ ಗುಮಾಸ್ತ ಬೇಕು. ಆಮೇಲೆ ಗೋಡೌನಲ್ಲಿ ಒಂದು ಕೆಂಪು ಬೋರ್ಡಿದೆಯಲ್ಲ, ಅದೂ."

"ತಗೊಂಡೋಗು," ಅಂದ ಮೇಯರ್. ಹಗ್ಗದಲ್ಲಿ ದುಡ್ಡು ಕಟ್ಕೊಂಡ್ ಬರ್ತಾಳೆ ಅಂತ ಪಕ್ಕದೋನ ಹತ್ರ ಗೇಲಿ ಬೇರೆ.

ಶನಿವಾರ ಏನು ವಿಶೇಷ ಅಂದ್ರೆ, ಕಿಗ್ಗುಂಡು ಮಗಳನ್ನ ಕೇಳಕ್ಕೆ ಗಂಡಿನ ಕಡೆಯೋರು ಬರೋ ದಿನ. ಅಲ್ಲಿ ಆ ಶಾಸ್ತ್ರ ಮದುವೆಗಿಂತ ಜೋರು. ಮೂರು ಬಸ್ಸು, ಅರವತ್ತು ಬುಟ್ಟಿ ಬಾಳೆಕಾಯಿ, ಆರು ಆಡು. ಗಂಡಸ್ರೆಲ್ಲ ಕಾಲು ತನಕ ಬಿಳಿ ನಿಲುವಂಗಿ ಹಾಕ್ಕೊಂಡು ಸಾಲಾಗಿ ಇಳಿದ್ರು. ನೋಡಿದ್ರೆ ಗೇಟಲ್ಲಿ ನಕಿಮುಲಿ, ಕಾವಲಿನೋರು, ಗುಮಾಸ್ತ, ಅಡ್ಡಕ್ಕೊಂದು ಹಗ್ಗ! ಅದರ ಮೇಲೆ ಬೋರ್ಡು: 'ಅಪಾಯ. ಕಟ್ಟಡದ ಕೆಲಸ ಮುಗಿದಿಲ್ಲ. ಜನ ಒಳಗೆ ಸೇರುವಂತಿಲ್ಲ.'

ಗಂಡಿನ ಸೋದರತ್ತೆ ಮೂಗಿನ ಮೇಲೆ ಬೆರಳಿಟ್ಕೊಂಡ್ಳು. "ಅಯ್ಯೋ! ಗೋಡೆ ಬೀಳೋ ಮನೆ ಹೆಣ್ಣು ತರಕ್ಕೆ ಇಷ್ಟು ದೂರ ಬಂದ್ವಾ? ದೊಡ್ಡ ಸಾಹುಕಾರ ಅಂದಿದ್ರಿ!"

ಕಿಗ್ಗುಂಡು ರೇಷ್ಮೆ ಕೋಟು ಹಾರಿಸ್ಕೊಂಡು ಓಡಿ ಬಂದ. "ಯಾವಳೇ ಹಗ್ಗ ಕಟ್ಟಿದ್ದು?"

"ನಾನೇ ಸ್ವಾಮಿ," ಅಂದ್ಳು ನಕಿಮುಲಿ. "ನಿಮ್ಮ ಒಳ್ಳೇದಕ್ಕೇ. ಕೆಲಸ ಮುಗೀದಿರೋ ಮಹಡಿ ಬೀಗರ ತಲೆ ಮೇಲೆ ಬಿದ್ರೆ?"

"ಮುಗೀದಿರೋದಾ? ಬಾಯಿ ಮುಚ್ಚು! ಅತ್ತೆಮ್ಮಾ, ಒಳಗೆ ಬನ್ನಿ, ನೀವೇ ನೋಡಿ. ಏಳು ಬಚ್ಚಲು ಮನೆ! ಗಾಜಿನ ದೀಪ ಹಡಗಲ್ಲಿ ಬಂದಿದ್ದು!"

"ಮೇಲೆ ಕಂಬಿ ನಿಂತಿದೆಯಲ್ಲಪ್ಪ," ಅಂದ್ಳು ಸೋದರತ್ತೆ. "ನಡೀರಿ, ಬಸ್ಸು ಹತ್ತಿ. ಆಡು ಬಿಸಿಲಿಗೆ ಸುಸ್ತಾಗ್ತಿವೆ."

ಒಳಗಿಂದ ಮಗಳು ಗೊಳೋ ಅಂದ್ಳು. ಕಿಗ್ಗುಂಡು ಎದೆ ಬಡ್ಕೊಂಡ.

"ಆ ಕಂಬಿ ಸುಮ್ನೆ ಕಣಮ್ಮ! ಮನೆ ಮುಗ್ದು ಹನ್ನೊಂದು ವರ್ಷ ಆಯ್ತು! ಹನ್ನೊಂದು! ಬೇಕಾದ್ರೆ ಬರ್ದು ಕೊಡ್ತೀನಿ!"

"ಕೊಡಿ," ಅಂತ ನಕಿಮುಲಿ ಗುಮಾಸ್ತನ್ನ ಮುಂದಕ್ಕೆ ತಳ್ಳಿದ್ಳು. "ಇವ್ರ ಹತ್ರ ಪೆನ್ನೂ ಇದೆ, ರಸೀದೀನೂ ಇದೆ. ಹನ್ನೊಂದು ವರ್ಷದ ಕಂದಾಯ ಕಟ್ಟಿದ ತಕ್ಷಣ ಹಗ್ಗ ಬಿಚ್ತೀವಿ."

ಕಿಗ್ಗುಂಡು ಬಸ್ಸಿನ ಕಡೆ ನೋಡ್ದ. ಡ್ರೈವರ್ ಇಂಜಿನ್ ಶುರು ಮಾಡಿದ್ದ. ಹಲ್ಲು ಕಡ್ಕೊಂಡು ಚೆಕ್ ಬರ್ದ. ಹಗ್ಗ ಬಿಚ್ಚಿದ್ರು, ಆಡುಗಳು ಮೊದ್ಲು ನುಗ್ಗಿದ್ವು.

ಸೋಮವಾರ ಗುಡ್ಡದ ತುಂಬಾ ಕಂಬಿ ಕುಯ್ಯೋ ಸದ್ದು. ಮಗಳಿದ್ದೋರೆಲ್ಲ ಕಂದಾಯದ ಕಿಟಕಿ ಮುಂದೆ ಕ್ಯೂ. ಚರಂಡಿ ತೋಡಿ, ಕಸದ ಲಾರಿಗೆ ಹೊಸ ಟೈರ್ ಹಾಕೋಷ್ಟು ದುಡ್ಡಾಯ್ತು.

ಮೇಯರ್ ಬಿದ್ದೂ ಬಿದ್ದೂ ನಕ್ಕ. "ಸುಂಕ ಒಂದು ಕಾಸೂ ಏರಲ್ಲ, ಹೋಗು! ಆದ್ರೆ ಇದೊಂದು ಹೇಳು. ನಮ್ಮ ಐದು ಜನ ಇನ್‌ಸ್ಪೆಕ್ಟರ್‌ಗಳು ಹನ್ನೊಂದು ವರ್ಷ ಓಡಾಡಿದ್ರೂ ಒಪ್ಪದೇ ಇರೋನು ನಿನ್ನ ಮುಂದೆ ಹೆಂಗೆ ಒಪ್ದ?"

"ನನ್ನ ಮುಂದೆ ಎಲ್ಲಿ ಒಪ್ದ ಸಾಹೇಬ್ರೆ? ಕಂದಾಯದೋರ ಮುಂದೆ ಎಲ್ಲರ ಮನೇನೂ ಅರ್ಧಕ್ಕೇ ನಿಂತಿರುತ್ತೆ. ಬೀಗರ ಮುಂದೆ ನಿಲ್ಲುತ್ತಾ?"

ಮೇಯರ್ ಇನ್ನೂ ಜೋರಾಗಿ ನಕ್ಕ.

"ಅದಿರ್ಲಿ," ಅಂದ್ಳು ನಕಿಮುಲಿ. "ಬರ್ತಾ ನಿಮ್ಮನೆ ತಾರಸಿ ನೋಡ್ದೆ. ಆರು ಕಂಬಿ ಇದಾವೆ. ನಿಮ್ಮ ಮಗಳನ್ನ ಕೇಳಕ್ಕೆ ಯಾವತ್ತು ಬರ್ತಾರೆ ಸಾಹೇಬ್ರೆ?"