ಹರಿದಬಲೆ ಎಂಬ ನಡುಗಡ್ಡೆ

ನಮ್ಮ ಬಂದರಿನಿಂದ ಪಡುವಣಕ್ಕೆ ಅರ್ಧ ದಿನ ದೋಣಿ ನಡೆಸಿದರೆ ಹರಿದಬಲೆ ನಡುಗಡ್ಡೆ ಸಿಗುತ್ತದೆ. ಒಂದು ಬೋಳುಗುಡ್ಡ, ಅದರ ಬುಡದಲ್ಲಿ ಕುಡುಗೋಲಿನಂತೆ ಬಾಗಿದ ಕೊಲ್ಲಿ, ಒಂದು ಸಿಹಿನೀರಿನ ಒರತೆ, ಹತ್ತಾರು ಗುಡಿಸಲು, ಇಷ್ಟೇ ಊರು. ಬಲೆಯನ್ನು ಹೆತ್ತ ಮಗುವಿನಂತೆ ಜೋಪಾನ ಮಾಡುವ ಜನ ತಮ್ಮ ಊರಿಗೆ ಇಂಥ ದರಿದ್ರ ಹೆಸರನ್ನು ಏಕೆ ಇಟ್ಟುಕೊಂಡರೋ ಎಂದು ಬಂದವರೆಲ್ಲ ನಗುತ್ತಾರೆ. ಆ ನಗು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಥೆ ತಿಳಿದವರು ಯಾರೂ ನಕ್ಕದ್ದನ್ನು ನಾನು ಕಂಡಿಲ್ಲ.

ಹಿಂದೆ ಒಮ್ಮೆ, ಹಾಯಿಹಡಗುಗಳ ಕಾಲದಲ್ಲಿ, ಮಂಕಾಳ ಎಂಬವನು ಇಲ್ಲಿನ ಬಲೆಯ ಯಜಮಾನನಾಗಿದ್ದ ಎನ್ನುತ್ತಾರೆ. ಅವನಿಗೆ ತಾಯಿಯಿಲ್ಲದ ಇಬ್ಬರು ಮಕ್ಕಳು: ಹನ್ನೆರಡರ ಹುಡುಗಿ ದುರ್ಗಿ, ಅವಳ ಸೆರಗು ಬಿಡದ ಪುಟ್ಟ ತಮ್ಮ ಜಟ್ಟ. ಇಡೀ ಊರಿಗೆ ಇದ್ದದ್ದು ಒಂದೇ ದೊಡ್ಡ ಎಳೆಬಲೆ. ದೋಣಿಯವರು ಅದನ್ನು ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಬಿಟ್ಟರೆ, ದಡದ ಎರಡೂ ತುದಿಯಲ್ಲಿ ಜನ ನಿಂತು ಹಗ್ಗ ಹಿಡಿದು ಎಳೆಯುತ್ತಿದ್ದರು. ಹಗ್ಗಕ್ಕೆ ಕೈಯಿಟ್ಟವರು ಬಲೆ ಮರಳಿಗೆ ಬರುವವರೆಗೆ ಏನೇ ಆದರೂ ನಿಲ್ಲಬಾರದು ಎಂಬುದು ಕಟ್ಟಳೆ. ನಿಂತರೆ ಬಲೆಯ ಬುಡ ಮೇಲೆದ್ದು ಮೀನೆಲ್ಲ ಜಾರಿಹೋಗುತ್ತದೆ. ದುರ್ಗಿಯ ಕಣ್ಣು ಬಲು ಚುರುಕು. ಗುಡ್ಡದ ನೆತ್ತಿಯಲ್ಲಿ ಕುಳಿತು ನೀರಿನ ಬಣ್ಣ ನೋಡುವುದು, ಮೀನಿನ ಹಿಂಡು ಕೊಲ್ಲಿಗೆ ಬಂದರೆ ಬಿಳಿ ಬಟ್ಟೆ ಬೀಸುವುದು ಅವಳ ಕೆಲಸ.

ಒಂದು ಬೆಳಗ್ಗೆ ಗಂಡಸರೆಲ್ಲ ಬಲೆಯ ದೋಣಿಗಳಲ್ಲಿ ಗುಡ್ಡದ ಆಚೆ ಮಗ್ಗುಲಿಗೆ ಹೋಗಿದ್ದಾಗ, ಕಡಲುಗಳ್ಳರ ದೋಣಿಯೊಂದು ಸಿಹಿನೀರು ಹುಡುಕುತ್ತ ಕೊಲ್ಲಿಯೊಳಗೆ ನುಗ್ಗಿತು. ಒರತೆಯ ಬಳಿ ಕೊಡ ತುಂಬುತ್ತಿದ್ದ ಮುದುಕಿಯನ್ನು ಪಾಪಿಗಳು ನಿಂತಲ್ಲೇ ಕಡಿದರು. ಅವಳ ಜೊತೆಗಿದ್ದ ಜಟ್ಟನನ್ನು ದೂರದ ಊರಿನಲ್ಲಿ ಆಳಾಗಿ ಮಾರಲೆಂದು ಕೈಕಟ್ಟಿ ದೋಣಿಗೆ ಎಸೆದರು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಕಲ್ಲುಗಳ ಮರೆಗೆ ಓಡಿದರು. ದುರ್ಗಿ ಮೇಲಿಂದ ಎಲ್ಲವನ್ನೂ ಕಂಡಳು. ಕೂಗಿದರೆ ಕಳ್ಳರು ತಮ್ಮನನ್ನು ಹೊತ್ತು ಪಾರಾಗುತ್ತಾರೆ. ಅವಳು ಬಾಯಿ ಬಿಡದೆ ಗುಡ್ಡದ ಆಚೆಗೆ ತಿರುಗಿ ಬಿಳಿ ಬಟ್ಟೆ ಬೀಸಿದಳು.

ಮೀನು ಬಂತೆಂದೇ ದೋಣಿಗಳು ಬಲೆ ಬಿಡುತ್ತ ಕೊಲ್ಲಿಯ ಬಾಯಿಗೆ ಅಡ್ಡ ಬಂದವು. ಒಳಗಿರುವುದು ಎಂಥ ಮೀನು ಎಂದು ಮಂಕಾಳನಿಗೆ ಆಗ ತಿಳಿಯಿತು. ಅವನು ಹಗ್ಗದ ತುದಿ ಹಿಡಿದು ದಡಕ್ಕೆ ಹಾರಿದ. ಅಡಗಿದ್ದ ಹೆಂಗಸರೂ ಇಳಿದು ಬಂದು ಹಗ್ಗಕ್ಕೆ ಕೈಹಾಕಿದರು. ತಪ್ಪಿಸಿಕೊಳ್ಳಲು ಹೊರಟ ಕಳ್ಳರ ಹುಟ್ಟುಗಳು ಬಲೆಗೆ ಸಿಕ್ಕಿ, ದೋಣಿ ಮಗುಚಿತು. ಈಜಿ ದಡಕ್ಕೆ ಬಂದವರ ತಲೆಯನ್ನು ಜನ ಹುಟ್ಟಿನಿಂದ ಒಡೆದರು, ಈಟಿಯಿಂದ ಇರಿದರು. ನೊರೆಯೆಲ್ಲ ಕೆಂಪಾಯಿತು. ಈ ಗದ್ದಲದಲ್ಲಿ ಕೈಕಟ್ಟಿದ ಜಟ್ಟ ಬಲೆಯೊಳಗೆ ಮುಳುಗುತ್ತಿದ್ದುದನ್ನು ಕಂಡವಳು ಮೇಲಿದ್ದ ದುರ್ಗಿಯೊಬ್ಬಳೇ. ಓಡಿ ಇಳಿದು, ಮೀನು ಸೀಳುವ ಕತ್ತಿ ಕಚ್ಚಿಕೊಂಡು ಕೊಲ್ಲಿಯ ಬಾಯಿಯ ಬಂಡೆಯಿಂದ ಹಾರಿದಳು, ಹೊರಗಿನಿಂದ ಬಲೆ ಕೊಯ್ದಳು, ತಮ್ಮನನ್ನು ಈಚೆಗೆಳೆದು ಕಟ್ಟು ಹರಿದಳು.

"ನೀ ದಡಕ್ಕೆ ಹೋಗು. ತಿರುಗಿ ನೋಡ್‌ಬೇಡ," ಎಂದಳಂತೆ.

ಅಷ್ಟರಲ್ಲಿ ಉಳಿದ ಕಳ್ಳರು ಆ ಹರಕಿನತ್ತ ಈಜಿ ಬಂದರು. ಅವರು ಹೊರಬಿದ್ದರೆ ಮೊದಲು ಸಿಗುವವನು ಜಟ್ಟ. ದುರ್ಗಿ ಹರಿದ ಅಂಚುಗಳನ್ನು ಎರಡೂ ತೋಳಿಗೆ ಸುತ್ತಿಕೊಂಡು ಹರಕನ್ನು ತನ್ನ ಮೈಯಿಂದಲೇ ಮುಚ್ಚಿದಳು. ಅವರು ಅವಳನ್ನು ಇರಿದರು, ಮತ್ತೆ ಮತ್ತೆ ಇರಿದರು. ಅವಳು ಬಿಡಲಿಲ್ಲ. ಜಟ್ಟ ದಡಕ್ಕೆ ಬಿದ್ದವನೇ, "ಎಳೀಬೇಡಿ ಅಪ್ಪಾ, ಅಕ್ಕ ಬಲೇಲಿ ಇದಾಳೆ!" ಎಂದು ಗಂಟಲು ಹರಿಯುವಂತೆ ಕೂಗಿದ. ಎಳೆಯುವವರ ಹುಯ್ಲಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದರೂ ಕಟ್ಟಳೆ ಮುರಿಯುತ್ತಿದ್ದರೋ ಇಲ್ಲವೋ, ನಾನು ಹೇಳಲಾರೆ. ಬಲೆ ಮರಳಿಗೆ ಬಂದಾಗ ಕಳ್ಳರ ಹೆಣಗಳ ನಡುವೆ ಮಂಕಾಳನಿಗೆ ಮಗಳು ಸಿಕ್ಕಳು. ತೋಳಿಗೆ ಬಿಗಿದ ದಾರವನ್ನು ಬಿಡಿಸಲು ಅವನ ಕೈಲಿ ಆಗಲಿಲ್ಲ. ಊರಿನ ಆ ಒಂದೇ ಬಲೆಯಲ್ಲಿ ಅವಳನ್ನು ಸುತ್ತಿ, ಅವಳು ಕುಳಿತಿರುತ್ತಿದ್ದ ನೆತ್ತಿಯ ಮೇಲೆ ಮಣ್ಣು ಮಾಡಿದರು. ಅಂದಿನಿಂದ ನಡುಗಡ್ಡೆಗೆ ಈ ಹೆಸರು ಎನ್ನುತ್ತಾರೆ.

ನೆತ್ತಿಯ ಮೇಲೆ ಬಿಳಿ ಬಟ್ಟೆ ಕಟ್ಟಿದ ಕಲ್ಲೊಂದನ್ನು ಇಂದಿಗೂ ಕಾಣಬಹುದು. ಫೋಟೋ ತೆಗೆಯುವವರು ಅಷ್ಟಕ್ಕೇ ಇಳಿದು ಹೋಗುತ್ತಾರೆ. ಸ್ವಲ್ಪ ತಾಳಿ, ಬಲೆ ಎಳೆಯುವ ಹೊತ್ತಿಗೆ ಕೊಲ್ಲಿಯ ದಡದಲ್ಲಿ ನಿಲ್ಲಬೇಕು. ಜಟ್ಟ ದೊಡ್ಡವನಾಗಿ ಬಲೆಯ ಯಜಮಾನನಾದ ದಿನವೇ ಹಳೆಯ ಕಟ್ಟಳೆಯನ್ನು ಮುರಿದನಂತೆ. ಈಗಲೂ ಬಲೆ ಅರ್ಧ ಬಂದಾಗ ಎಲ್ಲರೂ ಎಳೆಯುವುದನ್ನು ನಿಲ್ಲಿಸುತ್ತಾರೆ. ಹುಯ್ಲು ಅಡಗುತ್ತದೆ. ಯಜಮಾನ ನೀರಿನತ್ತ ಬಾಗಿ, "ದುರ್ಗೀ, ಹೊರಗೆ ಬಂದ್ಯೇನೇ?" ಎಂದು ಕೇಳುತ್ತಾನೆ. ಒಂದು ಅಲೆ ಬಂದು ಹೋಗುವವರೆಗೆ ಯಾರೂ ಉಸಿರೆತ್ತುವುದಿಲ್ಲ. ಅಷ್ಟು ಹೊತ್ತಿಗೆ ಬಲೆಯ ಬುಡ ಮೇಲೆದ್ದು ಅರ್ಧಕ್ಕರ್ಧ ಮೀನು ಜಾರಿಹೋಗುವುದು ನಿಂತವರ ಕಣ್ಣಿಗೇ ಕಾಣುತ್ತದೆ. ಹೋದರೆ ಹೋಗಲಿ ಎನ್ನುತ್ತಾರೆ.