ಎಲೆಯಲ್ಲಿ ಉಳಿದ ತುತ್ತು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಹನ್ನೊಂದು ಜನ, ಎರಡು ಹಸು, ಎಲ್ಲರಿಗೂ ಸೇರಿ ಒಂದು ಫೋನು.

ಗುರುಗಳು ಹಿಂದೆ ಅಂಚೆ ಕಾರ್ಡಿನಲ್ಲಿ ಚದುರಂಗ ಆಡುತ್ತಿದ್ದರು. ಒಂದು ಕಾರ್ಡಿಗೆ ಒಂದು ನಡೆ. ಒಂದು ಆಟ ಮುಗಿಯಲು ಎರಡು ವರ್ಷ ಹಿಡಿದದ್ದೂ ಉಂಟು.

ಈಗ ಅವರ ಶಿಷ್ಯೆ ಗೌತಮಿ ಫೋನಿನಲ್ಲಿ ಆಡುತ್ತಾಳೆ. ಎದುರಾಳಿ ಯಾವುದೋ ದೇಶದಲ್ಲಿರುತ್ತಾರೆ. ಒಂದು ನಡೆಗೆ ಮೂರು ದಿನ ಗಡುವು. ಅಷ್ಟರೊಳಗೆ ನಡೆಸದಿದ್ದರೆ ಸೋತಂತೆ.

ಫೋನಿನ ಆಟವನ್ನು ಅವಳು ಮರದ ಮಣೆಯ ಮೇಲೂ ಜೋಡಿಸಿ ಇಟ್ಟಿರುತ್ತಿದ್ದಳು. ಒಂದು ಬುಧವಾರ ಬೆಳಿಗ್ಗೆ ಗುರುಗಳು ಆ ಮಣೆಯ ಮುಂದೆ ಬಂದು ಕೂತರು.

"ಯಾರ ಸರದಿ?"

"ನನ್ನದು."

"ಯಾವಾಗಿನಿಂದ?"

"ಸೋಮವಾರ ಸಂಜೆಯಿಂದ."

ಗುರುಗಳು ಮಣೆ ನೋಡಿದರು. ಗೌತಮಿಯ ರಾಜ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ. ಎದುರಾಳಿಯ ಎರಡು ಆನೆಗಳು ದಾರಿ ಕಟ್ಟಿದ್ದವು. ಏನು ನಡೆಸಿದರೂ ಇನ್ನೆರಡು ನಡೆಗೆ ಮುಗಿಯುವ ಆಟ.

"ಇದರಲ್ಲಿ ಯೋಚನೆ ಮಾಡೋದು ಏನಿದೆ?"

"ಏನೂ ಇಲ್ಲ."

"ಮತ್ತೆ?"

ಗೌತಮಿ ಫೋನು ತೆಗೆದಳು. ಎದುರಾಳಿ ತೊಮಾಸ್ ಎಂಬುವವರು, ಎಪ್ಪತ್ತು ದಾಟಿದವರು. ಅವರು ಬರೆದಿದ್ದನ್ನು ಓದಿ ಹೇಳಿದಳು.

'ಗುರುವಾರ ಬೆಳಿಗ್ಗೆ ನನಗೆ ಕಣ್ಣಿನ ಆಪರೇಷನ್. ಆಮೇಲೆ ಒಂದು ವಾರ ಫೋನು ನೋಡುವ ಹಾಗಿಲ್ಲ. ಗಡುವು ತಡೆಹಿಡಿಯಲು ಆಟದಲ್ಲಿ ನನಗೆ ಸಿಗುವ ರಜೆಯ ದಿನಗಳೂ ಮುಗಿದುಹೋಗಿವೆ. ನಿಮಗೆ ತೊಂದರೆ ಇಲ್ಲದಿದ್ದರೆ ಅಷ್ಟರೊಳಗೆ ಮುಗಿಸೋಣವೇ?'

"ನಾನು ನಾಳೆ ಮಧ್ಯಾಹ್ನ ನಡೆಸ್ತೀನಿ," ಎಂದಳು ಗೌತಮಿ. "ಅಲ್ಲಿಂದ ಅವರಿಗೆ ಮೂರು ದಿನ. ಆಗ ಅವರ ಕಣ್ಣಿಗೆ ಪಟ್ಟಿ ಇರುತ್ತೆ."

"ಗಡುವು ದಾಟುತ್ತೆ."

"ಹೌದು. ನಾನು ಗೆಲ್ತೀನಿ." ಅವಳು ತಲೆ ಎತ್ತಲಿಲ್ಲ. "ಗೆದ್ದರೆ ಪಂದ್ಯಾವಳಿಯ ಕೊನೆಯ ಸುತ್ತಿಗೆ ಹೋಗ್ತೀನಿ, ಗುರುಗಳೇ. ಮೂರು ವರ್ಷದಿಂದ ಇದಕ್ಕೇ ಆಡ್ತಾ ಇದ್ದೀನಿ. ನಿಮಗೂ ಒಂದು ಸಲ ಇಲ್ಲೇ ತಪ್ಪಿಹೋಯ್ತಲ್ಲ."

"ತಪ್ಪಿಹೋಯ್ತು."

"ನಾನು ಯಾರನ್ನೂ ಕೇಳಿಕೊಂಡು ಆಡಿಲ್ಲ. ಕಂಪ್ಯೂಟರಿನ ಸಹಾಯ ತಗೊಂಡಿಲ್ಲ. ಒಂದು ನಿಯಮಾನೂ ಮುರಿದಿಲ್ಲ. ಮೂರು ದಿನ ಅಂತ ಬರೆದೇ ಇದೆ."

"ಬರೆದಿದೆ," ಎಂದು ಗುರುಗಳು ಒಪ್ಪಿಕೊಂಡರು. ಎದ್ದು ಹೋದರು.

ಅವಳಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಎಲೆ ಹಾಕಿದರು. ಆಶ್ರಮದಲ್ಲಿ ಒಂದೇ ಪಂಕ್ತಿ. ಕೊನೆಯವರ ಊಟ ಮುಗಿಯುವವರೆಗೆ ಯಾರೂ ಏಳುವುದಿಲ್ಲ. ಹಾಗಂತ ಎಲ್ಲೂ ಬರೆದಿಲ್ಲ.

ಅಂದು ಬಡಿಸುವ ಸರದಿ ಗೌತಮಿಯದು. ಅನ್ನ, ಸಾರು, ಪಲ್ಯ, ಕೊನೆಗೆ ಮಜ್ಜಿಗೆ. ಒಂದೊಂದಾಗಿ ಎಲೆಗಳು ಬರಿದಾದವು. ಗುರುಗಳ ಎಲೆಯಲ್ಲಿ ಮಾತ್ರ ಒಂದು ತುತ್ತು ಮಜ್ಜಿಗೆ ಅನ್ನ ಉಳಿದಿತ್ತು.

ಅವರು ಅದನ್ನು ಮುಟ್ಟಲಿಲ್ಲ. ಏಳಲೂ ಇಲ್ಲ.

ಎಲ್ಲರೂ ಕಾದರು. ಎಂಜಲು ಕೈಗಳು ಒಣಗತೊಡಗಿದವು.

"ಇನ್ನೇನಾದರೂ ಬಡಿಸ್ಲಾ, ಗುರುಗಳೇ?"

"ಬೇಡ."

"ಉಪ್ಪು ಕಮ್ಮಿ ಆಯ್ತಾ?"

"ಸರಿಯಾಗಿದೆ."

ಗುರುಗಳ ಪಕ್ಕದಲ್ಲಿ ಕೂತಿದ್ದವರು ಸಾವಂತ್ರಮ್ಮ. ಆಶ್ರಮದಲ್ಲಿ ಎಲ್ಲರಿಗಿಂತ ಹಿರಿಯರು. ಮಂಡಿ ಹಿಡಿದುಕೊಂಡರೆ ನೆಲದಿಂದ ಏಳಲು ಇಬ್ಬರು ಬೇಕು. ಅವರು ಎಡಗೈಯಿಂದ ಮಂಡಿ ಒತ್ತಿಕೊಳ್ಳುತ್ತಾ ಹೇಳಿದರು, "ಮಜ್ಜಿಗೆ ಅನ್ನಕ್ಕೆ ಇಷ್ಟು ಯೋಚನೆ ಮಾಡೋರನ್ನ ನಾನು ಇವತ್ತೇ ನೋಡಿದ್ದು."

ಯಾರೋ ನಕ್ಕರು. ಗುರುಗಳು ನಗಲಿಲ್ಲ.

ಇನ್ನೂ ಸ್ವಲ್ಪ ಹೊತ್ತು ಕಳೆಯಿತು. ಸಾವಂತ್ರಮ್ಮನ ಕಾಲಿನ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

ಗೌತಮಿ ಬಗ್ಗಿ ಕೈ ಚಾಚಿದಳು. "ಅಜ್ಜಿ, ನೀವು ಏಳಿ. ನನ್ನ ಕೈ ಹಿಡ್ಕೊಳ್ಳಿ."

"ಸುಮ್ನಿರೇ. ಅವರ ಎಲೇಲಿ ಅನ್ನ ಇರುವಾಗ ನಾನು ಹೇಗೆ ಏಳ್ಲಿ? ನಲವತ್ತು ವರ್ಷದಲ್ಲಿ ಒಂದು ದಿನವೂ ಹಾಗೆ ಎದ್ದಿಲ್ಲ."

"ಕಾಲು ನೋಯುತ್ತಲ್ಲ?"

"ನೋಯುತ್ತೆ. ಅದಕ್ಕೇನು ಮಾಡೋದು."

ಗೌತಮಿ ಗುರುಗಳ ಕಡೆ ತಿರುಗಿದಳು. "ಗುರುಗಳೇ, ಅಜ್ಜಿಗೆ ಮಂಡಿ ನೋವು."

"ಗೊತ್ತು."

"ಒಂದೇ ತುತ್ತು ಇರೋದು."

"ಹೌದು. ಒಂದೇ."

"ಮತ್ತೆ ಯಾಕೆ..."

"ಇಷ್ಟು ಹೊತ್ತಿನಲ್ಲಿ ಮುಗಿಸ್ಬೇಕು ಅಂತ ಎಲ್ಲಾದರೂ ಬರೆದಿದೆಯಾ?"

ಆಗ ಅವಳು ಗಮನಿಸಿದಳು. ಗುರುಗಳ ಕಣ್ಣು ಎಲೆಯ ಮೇಲಿರಲಿಲ್ಲ. ಅದು ಅಷ್ಟು ಹೊತ್ತೂ ಸಾವಂತ್ರಮ್ಮನ ಕಾಲಿನ ಮೇಲೇ ಇತ್ತು.

ಗೌತಮಿ ಮಜ್ಜಿಗೆಯ ಪಾತ್ರೆಯನ್ನು ನೆಲಕ್ಕಿಟ್ಟಳು. ಒಳಗೆ ಹೋದಳು.

ಫೋನು ಕಿಟಕಿಯ ಬಳಿ ಇತ್ತು. ಸೋಲೊಪ್ಪುವ ಗುಂಡಿ ಒತ್ತಿದಾಗ, ಖಂಡಿತವೇ ಎಂದು ಅದು ಕೇಳಿತು. ಮೂರು ವರ್ಷ ಅವಳ ಬೆರಳ ತುದಿಯಲ್ಲಿ ನಿಂತಿತು. ಅವಳು ಇನ್ನೊಮ್ಮೆ ಒತ್ತಿದಳು.

ಆಮೇಲೆ ಏನೋ ಬರೆದಳು. ಅಳಿಸಿದಳು. ಮತ್ತೆ ಬರೆದಳು.

ಹೊರಗೆ ಬಂದಾಗ ಪಂಕ್ತಿ ಹಾಗೇ ಕೂತಿತ್ತು.

"ಸೋಲು ಒಪ್ಕೊಂಡೆ," ಎಂದಳು. ಧ್ವನಿ ಸಣ್ಣದಾಗಿತ್ತು. "ಕೊನೆಯ ಸುತ್ತು ಹೋಯ್ತು, ಗುರುಗಳೇ."

ಗುರುಗಳು ತಲೆಯಾಡಿಸಿದರು. "ಅವರಿಗೆ ಏನಂತ ಬರೆದೆ?"

"ಚೆನ್ನಾಗಿ ಆಡಿದಿರಿ ಅಂತ. ಕಣ್ಣು ಬೇಗ ವಾಸಿಯಾಗಲಿ ಅಂತ."

"ಅಷ್ಟೇನಾ?"

ಗೌತಮಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಡೆ ಹೊಳೆಯದೆ ತಡ ಮಾಡಿದ್ದಲ್ಲ, ಬೇಕಂತಲೇ ತಡ ಮಾಡಿದೆ ಅಂತಾನೂ ಬರೆದೆ."

"ಉತ್ತರ ಬಂತಾ?"

"ನೋಡ್ಕೊಂಡು ನಿಲ್ಲಲಿಲ್ಲ. ಇಲ್ಲಿ ಅಜ್ಜಿ ಕೂತಿದ್ರು."

ಗುರುಗಳು ಕೊನೆಯ ತುತ್ತನ್ನು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದು ನುಂಗಿದರು. ಎಲೆ ಮಡಿಸಿದರು.

ಪಕ್ಕಕ್ಕೆ ತಿರುಗಿ, ಸಾವಂತ್ರಮ್ಮನಿಗೆ ಎಡಗೈ ಚಾಚಿದರು.

"ಏಳಮ್ಮ. ಕಾಯಿಸಿಬಿಟ್ಟೆ."