ನಲವತ್ತು ಎಮ್ಮೆ, ಒಂಬತ್ತು ಮೇಕೆ

ಊರ ಬಾವಿಯ ಪಕ್ಕ ಎರಡು ಕಲ್ಲಿನ ನೀರುತೊಟ್ಟಿಗಳಿದ್ದವು. ಎತ್ತರದ್ದು ಎಮ್ಮೆಗಳಿಗೆ, ಗಿಡ್ಡದ್ದು ಮೇಕೆಗಳಿಗೆ. ತನ್ನ ತೊಟ್ಟಿ ತುಂಬಿ ತುಳುಕುತ್ತಿದ್ದರೂ ಹಿರಿಯ ಎಮ್ಮೆಗೆ ಆ ಗಿಡ್ಡ ತೊಟ್ಟಿಯನ್ನು ಕಂಡರೆ ಹೊಟ್ಟೆಕಿಚ್ಚು.

"ಎಲೇ ಮೇಕೆ, ನೀವೆಷ್ಟು ಮಂದಿ?"

"ಒಂಬತ್ತು, ತಾಯಿ."

ಎಮ್ಮೆ ತನ್ನವರನ್ನು ಎಣಿಸಿತು. ಲೆಕ್ಕ ಹೆಚ್ಚಲೆಂದು, ಮೊನ್ನೆಯಷ್ಟೇ ಹಾಲು ಬಿಟ್ಟ ತನ್ನ ಕರುವನ್ನೂ ಸೇರಿಸಿಕೊಂಡಿತು.

"ನಾವು ನಲವತ್ತು! ನಲವತ್ತಕ್ಕೂ ಒಂದು ತೊಟ್ಟಿ, ಒಂಬತ್ತಕ್ಕೂ ಒಂದು ತೊಟ್ಟಿಯೇ? ಇದು ಯಾವ ಸೀಮೆಯ ನ್ಯಾಯ? ನೀವೂ ನಮ್ಮದರಲ್ಲೇ ಕುಡಿಯಿರಿ."

"ಅದು ನಮಗೆ ಎಟುಕುವುದಿಲ್ಲ, ತಾಯಿ."

"ಎಟುಕದಿದ್ದರೆ ನಿಮ್ಮ ಹಣೆಬರಹ!" ಎಂದ ಎಮ್ಮೆ ಗಿಡ್ಡ ತೊಟ್ಟಿಯನ್ನು ಕೊಂಬಿನಿಂದ ಗುದ್ದಿ ಉರುಳಿಸಿತು. ಕಲ್ಲು ಎರಡು ಹೋಳಾಯಿತು. ಮೇಕೆಗಳು ನೀರು ಹುಡುಕಿಕೊಂಡು ದೂರದ ಹಳ್ಳದ ಕಡೆಗೆ ಹೊರಟವು.

ಆ ಮಧ್ಯಾಹ್ನ ಎಮ್ಮೆ ಎತ್ತರದ ತೊಟ್ಟಿಯಲ್ಲಿ ಹೊಟ್ಟೆ ತುಂಬ ಕುಡಿದು ತಿರುಗಿ ನೋಡಿದರೆ, ಅದರ ಕರು ಒಡೆದ ಕಲ್ಲಿನ ತೇವ ನೆಕ್ಕುತ್ತಿತ್ತು.

"ಅಮ್ಮಾ, ಎಣಿಸುವಾಗ ನನ್ನನ್ನೂ ಸೇರಿಸಿದ್ದೆಯಲ್ಲವೇ?"

"ಸೇರಿಸಿದ್ದೆ ಮಗು," ಎಂದಿತು ಎಮ್ಮೆ. "ನಿನ್ನ ಎತ್ತರ ನೋಡಿರಲಿಲ್ಲ."